ಮೊಳಕೆ ಎಣಿಸುವಷ್ಟರಲ್ಲಿ

ಒದ್ದೆ ಕಾಗದದ ಮೇಲೆ ನೂರು ಬೀಜ. ಮೊಳೆತವೆಷ್ಟು, ಮೊಳೆಯದವೆಷ್ಟು, ಬೂಷ್ಟು ಹಿಡಿದವೆಷ್ಟು ಎಂದು ಎಣಿಸಿ ಬೀಜದ ಕಂಪನಿಯ ಪುಟದಲ್ಲಿ ತುಂಬುವುದು ದೊಡ್ಡ ಸೊಸೆ ಮನೆಯಲ್ಲೇ ಕೂತು ಮಾಡುವ ಕೆಲಸ. ಒಂದು ತಟ್ಟೆಗೆ ಅವಳಿಗೆ ಕಾಲು ಗಂಟೆ ಬೇಕು. ಎಣಿಕೆಯನ್ನು ಯಾರೂ ತಿದ್ದಬಾರದೆಂದು ತಟ್ಟೆಗೊಂದೇ ಸಲ, ಎಣಿಕೆಗೆ ಮುಂಚೆ, ಆ ಪುಟ ತೆರೆಯುತ್ತದೆ; ಕಳುಹಿಸುವವರೆಗೂ ತೆರೆದೇ ಇರಬೇಕು. ನಡುವೆ ಸಂಪರ್ಕ ಕಡಿದರೆ ಆ ತಟ್ಟೆ ಹೋದಂತೆ.

ಈ ವಾರ ಎರಡು ತಟ್ಟೆ ಹಾಗೆ ಹೋಗಿದ್ದವು. ಮೂರನೆಯದೂ ಹೋದರೆ ಕೆಲಸ ಬೇರೆಯವರಿಗೆ ಎಂದು ಮೇಲ್ವಿಚಾರಕಿ ಹೇಳಿಬಿಟ್ಟಿದ್ದಳು.

ಮನೆಗೆ ಸೂರು ಒಂದು, ಒಲೆ ಎರಡು. ಇಂಟರ್ನೆಟ್ ಲೈನು ಬರುವುದು ವಾರಗಿತ್ತಿಯ ಪಾಲಿನ ಕೋಣೆಗೆ. ಅಲ್ಲೇ ಕಪಾಟಿನ ಮೇಲೆ, ಇಡೀ ಮನೆಯ ಸಂಪರ್ಕ ಕಾಯುವ ಫೈರ್‌ವಾಲ್ ಪೆಟ್ಟಿಗೆ; ಎಲ್ಲರ ಬಾಯಲ್ಲೂ ಅದು 'ಕಾವಲುಗಾರ'. ಅದರ ಪಾಸ್‌ವರ್ಡ್ ವಾರಗಿತ್ತಿಯೊಬ್ಬಳಿಗೇ ಗೊತ್ತು. ಎರಡು ಸಲವೂ ಲೈನು ಕಡಿದಾಗ ಅವಳು ಮನೆಯಲ್ಲೇ ಇದ್ದಳು. ಒಂದು ಸಲವಂತೂ ಅದೇ ಗಳಿಗೆಗೆ ಗೋಡೆಯಾಚೆ ನಕ್ಕಿದ್ದಳು.

ಗುರುವಾರ ಊಟವಾದ ಮೇಲೆ ದೊಡ್ಡವಳು ಲ್ಯಾಪ್‌ಟಾಪು, ಭೂತಗನ್ನಡಿ, ಹಳೆಯ ತಟ್ಟೆಯೊಂದನ್ನು ಹಿಡಿದು ಆಚೆ ಕೋಣೆಗೆ ಹೋದಳು.

"ಅಭ್ಯಾಸದ ಪುಟದಲ್ಲಿ ಎಣಿಸ್ತೀನಿ. ನೀನು ಇಲ್ಲೇ ಕೂತಿರು."

"ನಾನೇ ಲೈನು ಕೀಳ್ತಿದೀನಿ ಅಂತಾನಾ ಅಕ್ಕಾ?"

"ಹಾಗಂದ್ನಾ ನಾನು?"

"ಅನ್ನೋದೇನು ಬಂತು, ಮುಖದ ಮೇಲೇ ಇದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ತಗೊಳ್ಳಿ, ಕೈ ತೊಡೆ ಕೆಳಗಿಟ್ಕೊಂಡು ಕೂರ್ತೀನಿ."

ಹಾಗೆಯೇ ಕೂತಳು. ದೊಡ್ಡವಳು ಒಂದು ಕಣ್ಣು ಬೀಜದ ಮೇಲೆ, ಒಂದು ಕಣ್ಣು ಅವಳ ಮೇಲೆ ಇಟ್ಟು ಎಣಿಸಿದಳು. ನೂರು ಮುಗಿಸಿ 'ಕಳುಹಿಸು' ಒತ್ತಿದರೆ ಪುಟ ಬೆಳ್ಳಗಾಯಿತು.

ವಾರಗಿತ್ತಿ ಕೈಗಳನ್ನು ಹೊರಗೆ ತೆಗೆದು ಅತ್ತಿತ್ತ ತಿರುಗಿಸಿ ತೋರಿಸಿದಳು. ಆಮೇಲೆ ಕಾವಲುಗಾರನ ದಿನಚರಿ ತೆರೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು: ಐದು ನಿಮಿಷ ಸದ್ದಿಲ್ಲದ ಸಂಪರ್ಕ, ಮುಚ್ಚಲಾಗಿದೆ.

"ನೀವು ಎಣಿಸೋವಾಗ ಕೀಲಿ ಒತ್ತಲ್ಲ, ಏನಿಲ್ಲ. ಈ ಕಡೆಯಿಂದ ಆ ಕಡೆಗೆ ಒಂದು ಮಾತೂ ಹೋಗಲ್ಲ. ಯಾರೂ ಇಲ್ಲ ಅಂದ್ಕೊಂಡು ಬಾಗಿಲು ಹಾಕ್ಬಿಡ್ತಾನೆ."

"ಐದು ನಿಮಿಷ ಅಂತ ಇಟ್ಟಿದ್ದು ಯಾರು?"

ವಾರಗಿತ್ತಿ ಆ ಸಾಲಿನಿಂದ ಬೆರಳು ತೆಗೆದಳು. "ನಾನೇ. ಸೋಮವಾರ. ಎಲ್ಲಾ ನಿಧಾನ ಆಗ್ತಿತ್ತು. ಸುಮ್ನೆ ಬಿದ್ದಿರೋದನ್ನ ಬೇಗ ಮುಚ್ಚಿ, ಹಗುರಾಗುತ್ತೆ ಅಂತ ಲೈನಿನವರು ಹೇಳಿದ್ರು."

ನೀರಿನ ಟ್ಯಾಂಕಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದು ಜಗಳವಾದದ್ದು ಅದರ ಹಿಂದಿನ ದಿನ, ಭಾನುವಾರ.

"ನಂಗೊಂದು ಮಾತು ಹೇಳ್ಬೋದಿತ್ತು."

"ನಿಮ್ಮದು ಇಷ್ಟು ಮೌನದ ಕೆಲಸ ಅಂತ ನಂಗೇನು ಕನಸು ಬಿದ್ದಿತ್ತಾ?" ಎನ್ನುತ್ತಲೇ ಅವಳು ಐದು ನಿಮಿಷವನ್ನು ಒಂದು ಗಂಟೆ ಮಾಡಿದಳು. ದೊಡ್ಡವಳು ಪಾಸ್‌ವರ್ಡ್ ಕೇಳಿದಳು. ವಾರಗಿತ್ತಿ ಚೀಟಿಯಲ್ಲಿ ಬರೆದುಕೊಟ್ಟಳು.

ಮೂರನೆಯ ತಟ್ಟೆ ಸಂಜೆಗೆ ಮುಂಚೆಯೇ ಮುಗಿಯಿತು. ದೊಡ್ಡವಳು 'ಕಳುಹಿಸು' ಒತ್ತಿದಳು. ಪುಟ ಬೆಳ್ಳಗಾಗಲಿಲ್ಲ, ವರದಿ ತಲುಪಿದೆ ಎಂಬ ಹಸಿರು ಸಾಲು ಬಂತು. ಕೆಲಸ ಉಳಿಯಿತು.

ಕೆಲಸ ಉಳಿದರೂ ಭಾನುವಾರದ ಪಕ್ಕದಲ್ಲಿ ಸೋಮವಾರ ಬಂದು ಕೂತದ್ದು ಅವಳ ಮನಸ್ಸಿನಿಂದ ಏಳಲಿಲ್ಲ. ಚೀಟಿಯಲ್ಲಿರುವುದು ನಿಜವಾದ ಪಾಸ್‌ವರ್ಡೇ ಹೌದೋ? ತನ್ನ ಬೆನ್ನು ತಿರುಗಿದ ಮೇಲೆ ಒಂದು ಗಂಟೆ ಮತ್ತೆ ಐದು ನಿಮಿಷವಾಗಿದ್ದರೆ? ಅವಳು ತನ್ನ ಲ್ಯಾಪ್‌ಟಾಪಿನಲ್ಲೇ ಒಂದೊಂದೇ ಅಕ್ಷರ ಒತ್ತಿದಳು. ಪೆಟ್ಟಿಗೆ ತೆರೆಯಿತು. ಒಂದು ಗಂಟೆ ಒಂದು ಗಂಟೆಯಾಗಿಯೇ ಇತ್ತು.

"ಅಕ್ಕಾ," ಗೋಡೆಯಾಚೆಯಿಂದ ದನಿ ಬಂತು. "ಕಾವಲುಗಾರನ ಒಳಗೆ ಹೋದ್ರಾ? ಯಾರೋ ಬಂದ್ರು ಅಂತ ನನ್ನ ಫೋನಿಗೆ ಹೇಳ್ದ."

"ಹೂಂ."

"ನಾನು ಇಟ್ಟಂಗೇ ಇದೆಯಾ?"

"ಇದೆ," ಎಂದಳು ದೊಡ್ಡವಳು.

ಆಚೆ ಕಡೆ ಪಾತ್ರೆ ತೊಳೆಯುವ ಸದ್ದು ಶುರುವಾಯಿತು, ಎಂದಿಗಿಂತ ಜೋರಾಗಿ.