ಸಕ್ಕರೆ ನೀರಿನಲ್ಲಿ ದೀಪ

ಉರಿಯಿತು, ಕಡಲೆಕಾಳಿನಷ್ಟು ಕೆಂಪು ದೀಪ, ಉಪ್ಪುನೀರಿನ ಬೀಕರಿಗೆ ಬ್ಯಾಟರಿಗೆ ಕಟ್ಟಿದ ಎರಡು ಕಡ್ಡಿ ಇಳಿಸಿದ್ದೇ ತಡ ಉರಿಯಿತು, ಮಕ್ಕಳು ಓ ಎಂದರು, ಕೆಮಿಸ್ಟ್ರಿ ಮೇಡಂ ಬಾಯಿ ಇಪ್ಪತ್ತು ವರ್ಷದ ಪಾಠವನ್ನು ತಾನಾಗಿ ಒಪ್ಪಿಸುತ್ತಿತ್ತು – ಸೋಡಿಯಂ ತನ್ನ ಹೊರಕವಚದ ಒಂದೇ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಡುವಿನ ಸೆಳೆತವೇ ಅಯಾನಿಕ ಬಂಧ – ಕೊಟ್ಟುಬಿಡುವುದು ಎಂದರೆ ಅಕ್ಕ, ಅಪ್ಪ ತೀರಿಕೊಂಡ ವರ್ಷ ಕಾಲೇಜು ಬಿಟ್ಟು ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ನೀನು ಓದು, ನಂಗೆ ಹೇಗೂ ಲೆಕ್ಕ ತಲೆಗೆ ಹತ್ತಲ್ಲ ಅಂದವಳು, ಸುಳ್ಳಿ, ಲೆಕ್ಕದಲ್ಲಿ ಇಡೀ ತರಗತಿಗೇ ಮೊದಲಿಗಳು – ಈಗ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಯಂತ್ರದ ಪಕ್ಕ ಮಲಗುತ್ತಾಳೆ, ಆ ಯಂತ್ರದ ಮೇಲೂ ಇಷ್ಟೇ ಕೆಂಪು ದೀಪ. ತಂಗಿಯದು, ತನ್ನದು, ಹೊಂದುತ್ತದೆ ಎಂದಿದ್ದಾರೆ ಡಾಕ್ಟರು, ಕೊಡುವುದೋ ಬೇಡವೋ ಇವತ್ತು ಮಧ್ಯಾಹ್ನದೊಳಗೆ ಹೇಳಬೇಕಂತೆ. ನಿನ್ನೆ ಅಕ್ಕ ಗೋಡೆಗೆ ಮುಖ ತಿರುಗಿಸಿ ಅಂದಳು, ಬೇಡ ಕಣೇ, ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋ ಅಭ್ಯಾಸ ನಂಗಿಲ್ಲ. ಆಗ ಎದೆಯೊಳಗೆ ಹಗುರಾಯಿತಲ್ಲ, ಥೂ, ಕತ್ತರಿಗೆ ಹೆದರಿದ ಮೈ ಉಸ್ಸೆಂದಿತಲ್ಲ, ರೋಗಿ ಬಯಸಿದ್ದೂ ಹಾಲು ಅನ್ನ ವೈದ್ಯ ಹೇಳಿದ್ದೂ ಹಾಲು ಅನ್ನ, ಅಕ್ಕನೇ ಬೇಡ ಅಂದಳು ಎಂದುಬಿಟ್ಟರೆ ಮುಗಿಯಿತು, ಯಾರೂ ಬೆರಳು ತೋರಿಸುವುದಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತಿದ್ದಳು ಅಮ್ಮ, ಬರೀ ನೆನೆದರೆ ಸಾಕೇನು.

ಈಗ ಸಕ್ಕರೆ, ಕಡ್ಡಿಗಳನ್ನು ಎತ್ತಿ ಪಕ್ಕದ ಬೀಕರಿಗೆ ಇಳಿಸುತ್ತಾಳೆ, ಇದು ಸಹವೇಲೆನ್ಸೀಯ ಬಂಧ, ಇಲ್ಲಿ ಯಾರೂ ಯಾರಿಗೂ ಕೊಟ್ಟುಬಿಡುವುದಿಲ್ಲ ಮಕ್ಕಳೇ, ಎಲೆಕ್ಟ್ರಾನುಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ನೀರಿಗೆ ಬಿದ್ದರೂ ಕೈ ಬಿಡುವುದಿಲ್ಲ, ಉಪ್ಪಿನ ಹಾಗೆ ಬಿಡಿಬಿಡಿಯಾಗಿ ಓಡಾಡುವುದಿಲ್ಲ, ಅದಕ್ಕೇ ಕರೆಂಟು ಹರಿಯುವುದಿಲ್ಲ – ಒಂದೇ ಹೊದಿಕೆ ಇತ್ತು ಮನೆಯಲ್ಲಿ, ಅಕ್ಕನಿಗೆ ಆ ಅಂಚು ತನಗೆ ಈ ಅಂಚು, ಎಳೆದಾಡಿದರೂ ಬೆಳಗಾಗುವವರೆಗೆ ಇಬ್ಬರದೂ, ಕೊಟ್ಟವರಾರು ಇಸ್ಕೊಂಡವರಾರು, ಕೆಟ್ಟ ಕಿಡ್ನಿ ಎರಡು, ಉಳಿದದ್ದು ಎರಡು, ಇರುವವರು ಇಬ್ಬರು, ಅಕ್ಕನಿಗೆ ಬಾಯಿಲೆಕ್ಕ, ಹೀಗೇ ಹೇಳಬೇಕಿತ್ತು, ವಾಪಸ್ಸಲ್ಲ ಕಣೇ, ಪಾಲು – ಮೇಡಂ, ಉರೀತಿದೆ, ಮುಂದಿನ ಬೆಂಚಿನ ಎರಡು ಜಡೆಯವಳು ಅನ್ನುತ್ತಾಳೆ, ನೀವು ಹರಿಯಲ್ಲ ಅಂದ್ರಿ. ಹೌದು, ಮಂಕಾಗಿ ಉರಿಯುತ್ತಿದೆ. ಕಡ್ಡಿ ತೊಳೆಯಲಿಲ್ಲ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮರೆತಳು, ಆ ಬೀಕರಿನ ಉಪ್ಪು ಅಂಟಿಕೊಂಡೇ ಬಂದಿದೆ, ತೊಳೆದು ಮತ್ತೆ ತೋರಿಸಬೇಕು, ಮಧ್ಯಾಹ್ನದೊಳಗೆ ಹೇಳಬೇಕು, ಕೈ ಏಳುವುದಿಲ್ಲ, ಹೆದರಿಕೆ ಹೋಗಿಲ್ಲ, ಹೂಂ, ಕೊಡ್ತೀನಿ ಅನ್ನುತ್ತಾಳೆ ಮೇಡಂ, ಯಾರಿಗೆಂದು ಮಕ್ಕಳಿಗೆ ತಿಳಿಯದು, ಅಕ್ಕ ಬೈದರೆ ಬೈಯಲಿ – ಸಕ್ಕರೆ ನೀರಿನಲ್ಲಿ ಉರಿಯಬಾರದ ದೀಪ, ಕೆಂಪಗೆ, ಕಡಲೆಕಾಳಿನಷ್ಟು, ಇನ್ನೂ