ವಾರಗಿತ್ತಿಯ ಕುರ್ಚಿ

ನನ್ನ ವಾರಗಿತ್ತಿ ನನಗೇ ಮೇಲಧಿಕಾರಿಯಾದಳು ಎಂದು ಅತ್ತೆ ಬೀದಿಯ ತುದಿಯವರೆಗೂ ಸಾರಿ ಬಂದರು. ನಾನೂ ಹಲ್ಲು ಕಿರಿದೆ. ಹೊಟ್ಟೆಯೊಳಗೆ ಏನು ಬೇಯುತ್ತಿತ್ತು ಎಂಬುದನ್ನು ಯಾರೂ ಕೇಳಲಿಲ್ಲ.

ಅವಳನ್ನು ಆ ವಿಮಾ ಕಂಪನಿಗೆ ಸೇರಿಸಿದವಳೇ ನಾನು. ಮೈದುನನನ್ನು ಮದುವೆಯಾಗಿ ಬಂದಾಗ ಕೆಲಸವಿಲ್ಲದೆ ಕೂತಿದ್ದಳು. ನಮ್ಮ ಸೈಬರ್ ಭದ್ರತಾ ವಿಭಾಗದಲ್ಲಿ ಜಾಗ ಖಾಲಿಯಿದೆ ಬಾರೇ ಎಂದು ಕೈಹಿಡಿದು ಕರೆದೊಯ್ದೆ. ನಾನು ಪರದೆಯ ಮುಂದೆ ಕೂತು ಕಳ್ಳರು ನುಗ್ಗದಂತೆ ಕಾಯುತ್ತಿದ್ದರೆ, ಮಹಾರಾಣಿ ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಸರ್ಟಿಫಿಕೇಟು ಪೇರಿಸಿದಳು. ಮುಖ್ಯಸ್ಥನ ಕುರ್ಚಿ ಖಾಲಿಯಾದಾಗ ಅದು ನನ್ನದೇ ಎಂದು ಆಫೀಸಿನ ಗೋಡೆಗಳಿಗೂ ಗೊತ್ತಿತ್ತು. ಸಿಕ್ಕಿದ್ದು ಅವಳಿಗೆ.

"ಅಕ್ಕಾ, ಇದೆಲ್ಲಾ ನಿಮ್ಮಿಂದಾನೇ" ಎಂದಳು. ಅಯ್ಯೋ, ಆ ವಿನಯವೇ! ಕೆನ್ನೆಗೆ ಎರಡು ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಖರ್ಚು ಉಳಿಸುವ ನೆಪದಲ್ಲಿ ಕಂಪನಿ ನಮ್ಮ ವಿಭಾಗದ ಮಿಕ್ಕವರನ್ನೆಲ್ಲ ಮನೆಗೆ ಕಳಿಸಿತು. ಉಳಿದವರು ನಾವಿಬ್ಬರೇ. ಸಾಲು ಕುರ್ಚಿಗಳು ಖಾಲಿ, ಪರದೆಗಳು ಮಾತ್ರ ಎಚ್ಚರಿಕೆಗಳನ್ನು ಕಾರುತ್ತಲೇ ಇದ್ದವು.

ನಮ್ಮಲ್ಲೊಂದು ಪದ್ಧತಿಯಿದೆ. ನೌಕರರನ್ನು ಪರೀಕ್ಷಿಸಲು ಮುಖ್ಯಸ್ಥರೇ ಆಗಾಗ ಮೋಸದ ಮೇಲ್‌ನಂಥದೇ ಒಂದು ಹುಸಿ ಮೇಲ್ ಕಳಿಸುತ್ತಾರೆ. ಯಾರು ನಂಬಿ ಪಾಸ್‌ವರ್ಡ್ ಕೊಡುತ್ತಾರೋ ಅವರ ಹೆಸರು ಮುಖ್ಯಸ್ಥರಿಗೆ ಹೋಗುತ್ತದೆ. ಹಾಗೆ ಸಿಕ್ಕಿಬಿದ್ದವರಿಗೆ ಪಾಠ ಹೇಳುವವಳು ನಾನು. "ಆಸೆ ತೋರಿಸೋ ಮೇಲ್ ಕಂಡ್ರೆ ಕೈ ಕಟ್ಕೊಂಡು ಕೂತ್ಕೊಳ್ರಪ್ಪಾ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಒಂದು ಬೆಳಿಗ್ಗೆ ನನಗೇ ಒಂದು ಮೇಲ್ ಬಂತು. ಬಡ್ತಿ ಕೈತಪ್ಪಿದವರು ಮರುಪರಿಶೀಲನೆ ಕೇಳಬಹುದು, ಇಲ್ಲಿ ಒತ್ತಿ ಎಂದಿತ್ತು. ನನ್ನ ಕಣ್ಣಿಗೆ ಅವಳ ಕುರ್ಚಿ ಬಿಟ್ಟು ಬೇರೇನೂ ಕಾಣಲಿಲ್ಲ. ಪಾಸ್‌ವರ್ಡ್ ಹೊಡೆದೆ. ಒಳಹೋಗುತ್ತಿರುವುದು ನೀವೇನಾ ಎಂದು ಫೋನು ಕೇಳಿತು, ಹೌದು ಎಂದು ಒತ್ತಿದೆ. ಖಾಲಿ ಪುಟವೊಂದು ತೆರೆದುಕೊಂಡಿತು.

ಆಗ ನೋಡಿದೆ ಕಳಿಸಿದವರ ವಿಳಾಸ. ನಮ್ಮ ಕಂಪನಿಯದಲ್ಲ, ಹುಸಿ ಮೇಲ್‌ಗಳಿಗೆ ಹಾಕುವಂಥದೇ ಹೊರಗಿನದು. ಥೂ, ಇದು ಅವಳ ಪರೀಕ್ಷೆ! ನನ್ನ ಉರಿ ಎಲ್ಲಿದೆಯೆಂದು ತಿಳಿದೇ ಗಾಳ ಹಾಕಿದ್ದಾಳೆ. ಯಾರ ಮುಂದೆಯೂ ಉಸಿರೆತ್ತಲಿಲ್ಲ. ಅವಳೇ ಬಂದು ನಗಲಿ ಎಂದು ಕಾದೆ.

ಅವಳು ನಗಲಿಲ್ಲ. ಮನೆಯಲ್ಲಿ, "ಸುಸ್ತಾಗಿದೀರಾ ಅಕ್ಕಾ, ಪಾತ್ರೆ ನಾನು ತೊಳೀತೀನಿ ಬಿಡಿ" ಎಂದಳು. ನೋಡಿದಿರಾ ನಾಟಕ! ಮರುದಿನವೂ ಅದೇ ಮೆತ್ತನೆಯ ಮಾತು. ಸಂಜೆ ಸಿಂಕಿನ ಮುಂದೆ ನನ್ನ ತಾಳ್ಮೆ ಕೆಟ್ಟಿತು.

"ಸಾಕು ಮಾಡೇ ನಿನ್ನ ಆಟ! ಆ ಬಡ್ತಿ ಮೇಲ್ ಒತ್ತಿ ನಾನು ಹಳ್ಳಕ್ಕೆ ಬಿದ್ದೆ. ಖುಷಿ ಆಯ್ತು ತಾನೆ?"

"ಯಾವ ಮೇಲ್ ಅಕ್ಕಾ?"

"ನೀನು ಕಳಿಸಿದ್ದು ಕಣೇ, ಪರೀಕ್ಷೆಗೆ!"

ಅವಳ ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು. "ಜನ ಹೋದ್ಮೇಲೆ ನಾನು ಒಂದೂ ಪರೀಕ್ಷೆ ಕಳಿಸಿಲ್ಲ ಅಕ್ಕಾ. ನಂಗೆಲ್ಲಿದೆ ಪುರುಸೊತ್ತು?"

ಒದ್ದೆ ಕೈಯಲ್ಲೇ ಇಬ್ಬರೂ ಆಫೀಸಿಗೆ ಓಡಿದೆವು. ನನ್ನ ಖಾತೆಯನ್ನು ಮುಚ್ಚಿದಳು. ಆದರೆ ಕಳ್ಳರು ನನ್ನ ಹೆಸರಿನಲ್ಲೇ ಒಳಹೊಕ್ಕು ಗ್ರಾಹಕರ ಕಾಯಿಲೆ ಕಸಾಲೆಯ ವಿವರಗಳನ್ನೆಲ್ಲ ಹೊತ್ತೊಯ್ದಾಗಿತ್ತು. ಒತ್ತಿದ ಕೂಡಲೇ ಬಾಯಿಬಿಟ್ಟಿದ್ದರೆ ಏನೂ ಹೋಗುತ್ತಿರಲಿಲ್ಲ.

ಕಳ್ಳರು ಹೊಕ್ಕಿದ್ದು ನಮ್ಮ ವಿಭಾಗದ ಖಾತೆಯಿಂದ ಎಂದು ಬೆಳಿಗ್ಗೆ ಅವಳು ತಿಳಿಸಿದಾಗ ಮ್ಯಾನೇಜರು ಕೂಗಾಡಿದರು. "ಭದ್ರತಾ ವಿಭಾಗದಿಂದಾನೇ! ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಯಾರದು?"

ಕಂಪ್ಯೂಟರಿನ ದಾಖಲೆ ಓದಿ ಹೇಳಬಲ್ಲವರು ಆ ಕಟ್ಟಡದಲ್ಲಿ ನಾವಿಬ್ಬರೇ. ಅವಳು ನನ್ನತ್ತ ನೋಡಲೂ ಇಲ್ಲ.

"ಯಾರು ಒತ್ತಿದ್ರೂ ಮುಖ್ಯಸ್ಥೆ ನಾನು ಸಾರ್. ತಪ್ಪು ನನ್ನದೇ. ರಾಜೀನಾಮೆ ಕೊಡ್ತೀನಿ."

ಮ್ಯಾನೇಜರು ನನ್ನತ್ತ ತಿರುಗಿದರು. "ಹಾಗಾದ್ರೆ ನಾಳೆಯಿಂದ ಆ ಜಾಗ ನೀವು ನೋಡ್ಕೊಳ್ಳಿ."

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಕುರ್ಚಿ ನನ್ನದು. ಅವಳನ್ನು ನೋಡಿದೆ. ತಲೆಯೆತ್ತಿ ನಿಂತಿದ್ದಳು. ಅಬ್ಬಬ್ಬಾ, ತ್ಯಾಗಮಯಿ! ನನಗೆ ಸಲ್ಲಬೇಕಾದ ಕುರ್ಚಿಯನ್ನು ಇವಳು ಭಿಕ್ಷೆ ಹಾಕುವುದೇ? ಬಡ್ತಿಯೂ ಇವಳಿಗೆ, ದೊಡ್ಡತನವೂ ಇವಳಿಗೇ? ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

"ಒತ್ತಿದ್ದು ನಾನು ಸಾರ್" ಎಂದೆ. "ಒತ್ತಿ ಸುಮ್ಮನಿದ್ದದ್ದೂ ನಾನೇ."

ನನ್ನ ಕೆಲಸ ಹೋಯಿತು, ಅವಳ ಕುರ್ಚಿ ಉಳಿಯಿತು. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಮನೆಗೆ ಬಂದೆ. ಇದೊಂದು ದಿನವಾದರೂ ಅವಳಿಗಿಂತ ಒಂದು ಕೈ ಮೇಲಾಗಿದ್ದೆನಲ್ಲ. ಅವಳು ಅಳುತ್ತಾ, ಒಂದಕ್ಷರವೂ ಬಿಡದೆ, ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದಳು. ಅತ್ತೆಯ ಕಣ್ಣೂ ತುಂಬಿ ಬಂತು. ನಾನು ಕಾದು ಕುಳಿತೆ.

ಅತ್ತೆ ಎದ್ದು ಬಂದು ಅವಳ ತಲೆ ಸವರಿದರು. "ಎಂಥ ಮನಸ್ಸೇ ನಿಂದು! ಅಕ್ಕನ್ನ ಉಳಿಸೋಕೆ ಕೆಲಸಾನೇ ಬಿಡೋಕೆ ಹೊರಟಿದ್ಯಲ್ಲೇ, ತಾಯಿ!"