ವಾಸಿಯಾದ ಗಂಟಲು

ಕೆಮ್ಮು ಬಂದಿರಲಿಲ್ಲ, ಆದರೂ ಕಾಮೇಶ್ವರ ಕೆಮ್ಮಿದ. ಎದುರು ಸೀಟಿನ ಹುಯಿಲಗೋಳರು ಆಗಲೇ ಮಾತಿಗೆ ಬಾಯಿ ತೆರೆದಿದ್ದರು. ಗಂಟಲು ಮುಟ್ಟಿ ತೋರಿಸಿ, ಇಲ್ಲ ಎಂಬಂತೆ ಕೈಯಾಡಿಸಿದ. ಈ ಅಭಿನಯ ಈಗ ಅವನಿಗೆ ರೂಢಿಯಾಗಿಬಿಟ್ಟಿತ್ತು.

"ಇನ್ನೂ ಕಡಿಮಿ ಆಗಿಲ್ಲೇನ್ರಿ ಸರ?" ಎಂದರು ಹುಯಿಲಗೋಳರು. ಧಾರವಾಡದ ಕಡೆಯವರು, ಬ್ಯಾಂಕಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣದ ಪಕ್ಕದ ಗಾಜುವಾಕಕ್ಕೆ ಬಂದು ಅವನ ಕೆಳಗಿನ ಮನೆಯಲ್ಲೇ ಬಾಡಿಗೆಗಿದ್ದರು. ದುವ್ವಾಡ ಸ್ಟೇಷನ್ನಿನಲ್ಲಿ ಅವರೂ ವಿಜಯವಾಡದ ರೈಲಿನ ಇದೇ ಬೋಗಿ ಹತ್ತಬೇಕಾಗಿತ್ತೆ? "ನಿಮ್ಮದು ಛಲೋ ಬಿಡ್ರಿ. ಮಾಸ್ತರ ಬಾಯಿ ಬಂದ್ ಆದ್ರೂ ಪಗಾರ ಬರ್ತದ. ನಾವು ಕೌಂಟರಿನಾಗ ಬಾಯಿ ಮುಚ್ಚಿದ್ರ ಮಂದಿ ಬಡೀತಾರ."

ಕಾಮೇಶ್ವರ ಸದ್ದಿಲ್ಲದೆ ನಕ್ಕ.

"ಮನಿಯಾಗ ಎಲ್ಲಾರೂ ಆರಾಮ? ವಿಜಯವಾಡಾದಾಗ ತಾಯಾರು ಹೆಂಗದಾರ? ಕಾಲೇಜು?"

ಮೊಬೈಲಿನಲ್ಲಿ ಬರೆದು ಅವರತ್ತ ತಿರುಗಿಸಿದ. ಮನೆಯಲ್ಲಿ ಎಲ್ಲ ಕ್ಷೇಮ. ಅಮ್ಮ ಸುಧಾರಿಸಿಕೊಳ್ಳುತ್ತಿದ್ದಾಳೆ. ಗಂಟಲು ಹಾಗೇ ಇದೆ. ಕಾಲೇಜಿನಲ್ಲಿ ಪಾಠ ಬಿಡಿಸಿ ಫೈಲಿನ ಕೆಲಸ ಕೊಟ್ಟಿದ್ದಾರೆ.

ಸಂಸಾರ, ಆರೋಗ್ಯ, ಉದ್ಯೋಗ. ಬಂಧುಗಳ ಗುಂಪಿಗೂ ಇದನ್ನೇ ಕಳಿಸಿದ್ದ, ಹಳೆಯ ಸಹಪಾಠಿಗಳಿಗೂ. ಯಾರಿಗೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ಅದರಲ್ಲಿ ಗಂಟಲಿನ ಮಾತೊಂದು ಸುಳ್ಳು.

ಗಂಟಲು ಎಂದೋ ವಾಸಿಯಾಗಿತ್ತು. ವಿಶಾಖಪಟ್ಟಣದ ಡಾಕ್ಟರು ದೀಪದ ನಳಿಗೆ ಇಳಿಸಿ ನೋಡಿ, ಊತ ಹೋಗಿದೆ, ಪಾಠ ಮಾಡಿ, ಹಾಡಿ, ಬೇಕಾದರೆ ಹೆಂಡತಿಯ ಜೊತೆ ಜಗಳವಾಡಿ ಎಂದಿದ್ದರು. ಮನೆಗೆ ಬಂದಾಗ ಹೆಂಡತಿ ಲಕ್ಷ್ಮೀಪ್ರಸನ್ನ ಅಡುಗೆಮನೆಯಿಂದಲೇ "ಏನಂದ್ರು?" ಎಂದು ಕೇಳಿದ್ದಳು. ಅವನು ತುಟಿಯ ಮೇಲೆ ಬೆರಳಿಟ್ಟಿದ್ದ. ಆಗ ಅದು ಸುಳ್ಳು ಅನ್ನಿಸಿರಲಿಲ್ಲ. ಆ ಸಂಜೆಯೊಂದು ಮಾತಿಲ್ಲದೆ ಕಳೆಯಲಿ ಅನ್ನಿಸಿತ್ತು, ಅಷ್ಟೆ. ಮಾರನೆಯ ದಿನವೂ ಹಾಗೇ ಅನ್ನಿಸಿತು.

ಗಂಟಲು ಕೆಡುವ ಮೊದಲು, ಸಂಜೆಯಾದರೆ ವಿಜಯವಾಡದಿಂದ ಅಮ್ಮನ ಫೋನು ಬರುತ್ತಿತ್ತು. ಅವನು ಷಟ್ಪದಿ ಓದಬೇಕು. ತುಮಕೂರಿನ ಕಡೆಯಿಂದ ವಿಜಯವಾಡಕ್ಕೆ ಗುಮಾಸ್ತನಾಗಿ ಬಂದ ಅಪ್ಪ ದಿನವೂ ದೀಪ ಹಚ್ಚಿದ ಮೇಲೆ ರಾಗವಾಗಿ ಓದುತ್ತಿದ್ದ; ಅಪ್ಪನ ನಂತರ ಅದು ಮಗನ ಪಾಲಿಗೆ ಬಂತು. ಅಮ್ಮನಿಗೆ ಸ್ಟ್ರೋಕ್ ಆಗಿ ನಾಲಿಗೆ ತೊದಲಿದ ಮೇಲಂತೂ ಪದ್ಯವೇ ಔಷಧ. ಅವನೊಂದು ಸಾಲು ಹೇಳಿದರೆ, ಅವಳು ಎಳೆದೆಳೆದು ಇನ್ನೊಂದನ್ನು ಸೇರಿಸುವಳು.

ಒಂದು ಸಂಜೆ, ಮಗ ಸತ್ತ ತಾಯಿಯ ಶೋಕವನ್ನು ಓದುತ್ತಿರುವಾಗ, ತಾನು ಉತ್ತರಪತ್ರಿಕೆ ತಿದ್ದುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಕೈ ಅಂಕ ಹಾಕುತ್ತಿತ್ತು. ಬಾಯಿ ಅದರ ಪಾಡಿಗೆ ಅಳುತ್ತಿತ್ತು. ಫೋನಿನ ಆ ತುದಿಯಲ್ಲಿ ಅಮ್ಮ ನಿಜವಾಗಿ ಅಳುತ್ತಿದ್ದಳು. ಯಾವ ಪದ್ಯದಿಂದ ತನ್ನ ಮನಸ್ಸು ಅಲ್ಲಿಲ್ಲವಾಯಿತು ಎಂದು ಹಿಂದಕ್ಕೆ ಹುಡುಕಿದ; ಸಿಗಲಿಲ್ಲ. ವರ್ಷಗಳೇ ಆಗಿರಬಹುದು. ಅವನಿಗೆ ಹೆದರಿಕೆಯಾಯಿತು. ಆಮೇಲೆ ಗಂಟಲು ಊದಿಕೊಂಡಾಗ, ಇನ್ನು ಓದಬೇಕಾಗಿಲ್ಲವೆಂದು ದೇವರಿಗೆ ಕೈಮುಗಿಯುವಷ್ಟು ಸಮಾಧಾನವಾಯಿತು.

ಅಮ್ಮನನ್ನು ತನ್ನಲ್ಲೇ ಇಟ್ಟುಕೊಂಡಿದ್ದ ತಂಗಿ ರಾಜ್ಯಶ್ರೀ ಮೊನ್ನೆ ಬರೆದಿದ್ದಳು: ಒಂದು ಸಲ ಬಂದು ಹೋಗು. ಮಾತಾಡದಿದ್ದರೂ ಪರವಾಗಿಲ್ಲ.

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ತಂಗಿಯ ಗಂಡನ ಅಂಗಡಿಯ ಮೇಲೇ ಮನೆ. ಮೆಟ್ಟಿಲು ಹತ್ತುವಾಗ ಒಣಮೆಣಸಿನ ಘಾಟಿಗೆ ನಿಜವಾದ ಕೆಮ್ಮೇ ಬಂತು. ತಂಗಿಯ ಮಗಳು ಸಾಹಿತ್ಯ ಬಾಗಿಲಲ್ಲಿ ನಿಂತಿದ್ದಳು.

"ಮಾವಯ್ಯಾ, ನೀವು ಮಾತಾಡಕೂಡ್ದು. ಸನ್ನೆ ಮಾಡಿ, ಸಾಕು. ನಮ್ಮನೇಲಿ ಈಗೆಲ್ಲಾ ಸನ್ನೆನೇ."

ರಾಜ್ಯಶ್ರೀ ಅವನನ್ನು ಅಡುಗೆಮನೆಗೆ ಕರೆದೊಯ್ದಳು. ಕೆಮ್ಮು ಕೇಳಿ ಅವಳ ಮುಖ ಬಾಡಿತ್ತು.

"ಅಣ್ಣಾ, ಬೇಕಂತಲೇ ನಿಂಗೆ ಹೇಳಿರ್ಲಿಲ್ಲ. ಅಮ್ಮ ಮಾತು ಬಿಟ್ಟಿದಾಳೆ."

ಮತ್ತೆ ಸ್ಟ್ರೋಕ್ ಆಯಿತೇ ಎಂದು ಮೊಬೈಲಿನಲ್ಲಿ ಬರೆದ.

"ಅಲ್ಲ, ಹರಕೆ. ನಿನ್ನ ಧ್ವನಿ ಬರೋತನಕ ತಾನೂ ಬಾಯಿ ಬಿಡಲ್ಲ ಅಂತ ಬೆಟ್ಟದ ಅಮ್ಮನೋರಿಗೆ ಹರಕೆ ಹೊತ್ಕೊಂಡ್ಲು. ಡಾಕ್ಟ್ರು ಬೈತಾರೆ. ಈಗ ಮಾತಾಡಿಸ್ತಾನೇ ಇರಬೇಕಂತೆ, ಇಲ್ದಿದ್ರೆ ಬಂದಿದ್ದೂ ಹೋಗುತ್ತಂತೆ. ಬೇಡ್ಕೊಂಡೆ, ರೇಗಾಡ್ದೆ. ಕೇಳಲ್ಲ. ನಿಮ್ಮ ಡಾಕ್ಟ್ರು ಏನಂತಾರಣ್ಣ? ಇನ್ನೆಷ್ಟು ದಿನ?"

ವಾಸಿಯಾಗಿ ತಿಂಗಳ ಮೇಲಾಯಿತು ಎಂದು ಬರೆದ. ಅವಳು ಇಣುಕುವ ಮೊದಲೇ ಅಳಿಸಿದ. ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಕೋಣೆಯಲ್ಲಿ ಅಮ್ಮ ದುರ್ಗಾಂಬ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಮಗನನ್ನು ಕಂಡು ಕಣ್ಣು ಅರಳಿತು. ಬೆರಳನ್ನು ಮೊದಲು ತನ್ನ ತುಟಿಗಿಟ್ಟುಕೊಂಡಳು, ಆಮೇಲೆ ಅವನ ಗಂಟಲಿಗೆ. ಮಗುವಿನ ಜ್ವರ ನೋಡುವ ಹಾಗೆ ಮೆಲ್ಲಗೆ ತಡವಿದಳು. ಆ ನೋಟದಲ್ಲಿ ಎಳ್ಳಷ್ಟು ಸಂಶಯವಿದ್ದಿದ್ದರೂ ಅವನು ಎಲ್ಲವನ್ನೂ ಹೇಳಿಬಿಡುತ್ತಿದ್ದ. ಇರಲಿಲ್ಲ.

"ಅಮ್ಮಾ," ಎಂದ.

ಧ್ವನಿ ದುಂಡಗೆ, ಸ್ವಚ್ಛವಾಗಿ ಬಂತು. ಕೊನೆಯ ಬೆಂಚಿನವರೆಗೂ ತಲುಪುವ ಧ್ವನಿ. ಕೊಂಚ ಒಡಕು ದನಿಯಲ್ಲಿ ಹೇಳಬೇಕಾಗಿತ್ತು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ರಾಜ್ಯಶ್ರೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬಂತು. ಅಮ್ಮಾ, ಕೇಳಿಸ್ತೇನೇ, ಬಂತು. ಆ ತಾಯಿ ಕೊಟ್ಟಳು." ಸಾಹಿತ್ಯ ಅಪ್ಪನಿಗೆ ಹೇಳಲು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

"ಈಗ..." ಎಂದ ಕಾಮೇಶ್ವರ. ಈಗ ಬಂದದ್ದಲ್ಲ ಎನ್ನಬೇಕಿತ್ತು.

"ಹೌದಣ್ಣ, ಈಗ್ಲೇ. ನನ್ನ ಕಣ್ಣೆದುರಿಗೇ," ಎಂದು ತಂಗಿ ಅತ್ತಳು.

ಹರಕೆ ತೀರಿತ್ತು. ದುರ್ಗಾಂಬ ತುಟಿ ತೆರೆದಳು. ನಾಲಿಗೆ ಒಂದು ಪಕ್ಕಕ್ಕೆ ಹೊರಳಿ ಅಲ್ಲೇ ಸಿಕ್ಕಿಕೊಂಡಿತು. ಗಾಳಿ ಬಂತು, ಅಕ್ಷರವಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಜೊಲ್ಲಿನ ಎಳೆಯೊಂದು ಗಲ್ಲಕ್ಕೆ ಇಳಿಯಿತು. ಸೆರಗಿನಲ್ಲಿ ಒರೆಸಿಕೊಂಡು, ನಾಚಿದವಳಂತೆ ನಕ್ಕು, ನೀನು ಹೇಳು ಎಂದು ಮಗನಿಗೆ ಕೈ ಮಾಡಿದಳು.

"ಶುರು ಮಾಡಣ್ಣ. ನೀನೊಂದು ಸಾಲು ಹೇಳಿದ್ರೆ ಅವಳಿಗೆ ತಾನಾಗೇ ಬರುತ್ತೆ." ರಾಜ್ಯಶ್ರೀ ದೇವರ ಗೂಡಿನಿಂದ ಬೆಟ್ಟದ ಕುಂಕುಮ ತಂದು, ಹೆಬ್ಬೆರಳಿನಿಂದ ಅವನ ಗಂಟಲಿಗೆ ಅಡ್ಡಲಾಗಿ ದಪ್ಪಗೆ ಬಳಿದಳು.

ಅವನು ಓದತೊಡಗಿದ. ಸಾಲಿನ ಕೊನೆಗೆ ನಿಲ್ಲಿಸಿ ಕಾದ. ಏನೂ ಬರಲಿಲ್ಲ. ಅವಳ ಸಾಲನ್ನೂ ತಾನೇ ಹೇಳಿದ. ಮತ್ತೆ ನಿಲ್ಲಿಸಿದ, ಮತ್ತೆ ಹೇಳಿದ. ಕರೆಂಟು ಹೋಗಿ ಫ್ಯಾನು ನಿಧಾನವಾಯಿತು. ಎಲ್ಲರೂ ಕೈಮುಗಿದು ನಿಂತಿದ್ದರು.

ಎದುರಿನ ಬೀರುವಿನ ಕನ್ನಡಿಯಲ್ಲಿ ಒಬ್ಬ ಮನುಷ್ಯನಿದ್ದ. ಅವನ ಕತ್ತಿಗೆ ಅಡ್ಡಲಾಗಿ ಎಳೆದ ಕೆಂಪು ಗೀರು ಬೆವರಿಗೆ ಕರಗಿ, ಬಿಳಿ ಅಂಗಿಯೊಳಕ್ಕೆ ಇಳಿಯುತ್ತಿತ್ತು. ಬಾಯಿ ಮಾತ್ರ ಇನ್ನೂ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅವನ ಪಕ್ಕದಲ್ಲಿ, ಕನ್ನಡಿಯ ಅಂಚಿನಲ್ಲಿ, ಮುದುಕಿಯೊಬ್ಬಳ ಬಾಯಿ ಅಕ್ಷರಕ್ಕಾಗಿ ತಡಕುತ್ತ, ದನಿಯಿಲ್ಲದೆ ತೆರೆದುಕೊಂಡಿತ್ತು.